ಕಪ್ಪು ವೆಲ್ವೆಟ್ಟಿನ ಮೇಲೆ ದ್ವೀಪದ ಇರುಳು: ಯಾವ ಬಟ್ಟೆ, ಯಾವ ಬಣ್ಣ, ಯಾವ ದೃಶ್ಯ?

ಚಿತ್ರ ಬರೆಯುವ ಹವ್ಯಾಸವಿರುವವರು ನನ್ನ ಬಳಿ ಮತ್ತೆ ಮತ್ತೆ ತರುವ ಗೊಂದಲ ಒಂದಿದೆ. ಟಿಕಿ ಶೈಲಿಯ, ಎಂದರೆ ದಕ್ಷಿಣ ಪೆಸಿಫಿಕ್ ದ್ವೀಪಗಳ ಕನಸನ್ನು ಕಟ್ಟಿಕೊಡುವ ಚಿತ್ರವೊಂದನ್ನು ವೆಲ್ವೆಟ್ ಮೇಲೆ ಬರೆಯಬೇಕೆಂಬ ಆಸೆ ಹುಟ್ಟಿರುತ್ತದೆ: ಬೆಳದಿಂಗಳಲ್ಲಿ ಬಾಗಿದ ತೆಂಗು, ಅಲೆಯಿಲ್ಲದ ಹಿನ್ನೀರು, ಪಂಜಿನ ಬೆಳಕಿಗೆ ಅರ್ಧ ಮುಖ ತೋರುವ ಮರದ ಮೂರ್ತಿ. ಬಟ್ಟೆ ಅಂಗಡಿಗೆ ಹೋದರೆ ನಾಲ್ಕು ಥಾನು ಬಿಚ್ಚಿ ಹಾಸುತ್ತಾರೆ. ನಾಲ್ಕೂ ಕಪ್ಪು, ನಾಲ್ಕಕ್ಕೂ ವೆಲ್ವೆಟ್ ಎಂದೇ ಹೆಸರು, ಬೆಲೆಯಲ್ಲಿ ಮಾತ್ರ ಅಜಗಜಾಂತರ. ಅಲ್ಲಿಂದ ಬಣ್ಣದ ಅಂಗಡಿಗೆ ಹೋದರೆ ಆಯಿಲ್ ಬೇಕೋ, ಅಕ್ರಿಲಿಕ್ ಬೇಕೋ, ಫ್ಯಾಬ್ರಿಕ್ ಕಲರ್ ಬೇಕೋ ಎಂಬ ಪ್ರಶ್ನೆ. ಸಾಕಷ್ಟು ಮಂದಿ ಅಲ್ಲಿಗೇ ಕೈಬಿಟ್ಟು ಬರಿಗೈಯಲ್ಲಿ ಮನೆಗೆ ಬಂದಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಆಯ್ಕೆಗೆ ಮೊದಲು ಒಂದು ಮಾತು ಮನಸ್ಸಿಗೆ ಹತ್ತಬೇಕು. ಬಿಳಿ ಕ್ಯಾನ್ವಾಸಿನಲ್ಲಿ ಕತ್ತಲೆ, ಬೆಳಕು ಎರಡನ್ನೂ ನಾವೇ ಬರೆಯಬೇಕು. ವೆಲ್ವೆಟ್ಟಿನಲ್ಲಿ ಕತ್ತಲೆ ಆಗಲೇ ಸಿದ್ಧವಾಗಿದೆ, ಬೆಳಕನ್ನಷ್ಟೇ ತಂದಿಡಬೇಕು. ಬಟ್ಟೆಯ ಮೇಲೆ ಎದ್ದು ನಿಂತ ಕೋಟಿ ಕೋಟಿ ನೂಲಿನ ತುದಿಗಳು, ನಾನು ಇಲ್ಲಿ ರೋಮ ಎನ್ನುತ್ತೇನೆ, ಬೆಳಕನ್ನು ಒಳಗೆ ಎಳೆದುಕೊಂಡು ಹೊರಗೆ ಬಿಡುವುದಿಲ್ಲ. ಯಾವ ಟ್ಯೂಬಿನ ಕಪ್ಪು ಬಣ್ಣಕ್ಕೂ ಆ ಆಳ ಬರುವುದಿಲ್ಲ. ಆದ್ದರಿಂದ ವೆಲ್ವೆಟ್ಟಿನಲ್ಲಿ ನಿಮ್ಮ ಅತಿ ಬೆಲೆಬಾಳುವ ಬಣ್ಣ ಎಂದರೆ ನೀವು ಮುಟ್ಟದೆ ಬಿಟ್ಟ ಬಟ್ಟೆ. ಮುಂದೆ ನಾನು ಹೇಳುವ ಪ್ರತಿಯೊಂದು ಆಯ್ಕೆಯೂ ಆ ಕಪ್ಪನ್ನು ಕೆಡಿಸದೆ ಉಳಿಸುವ ಲೆಕ್ಕದ ಮೇಲೆ ನಿಂತಿದೆ.

ಈ ಕಲೆಯನ್ನು ಹೆಸರಿಗೆ ತಂದವನಿಗೆ ಇದು ಚೆನ್ನಾಗಿ ಗೊತ್ತಿತ್ತು. ಎಡ್ಗರ್ ಲೀಟೆಗ್, 1904ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಹುಟ್ಟಿದವನು, ಕ್ಯಾಲಿಫೋರ್ನಿಯಾದಲ್ಲಿ ಜಾಹೀರಾತು ಫಲಕ ಬರೆದು ಹೊಟ್ಟೆ ಹೊರೆಯುತ್ತಿದ್ದ. ಆರ್ಥಿಕ ಕುಸಿತದ ಕಾಲದಲ್ಲಿ, 1933ರಲ್ಲಿ, ದಕ್ಷಿಣ ಪೆಸಿಫಿಕ್ಕಿನ ಟಹೀಟಿ ದ್ವೀಪಕ್ಕೆ ಹೋಗಿ ನೆಲೆಸಿದ. ಆಮೇಲೆ ಪಕ್ಕದ ಮೂರಿಯಾ ದ್ವೀಪದಲ್ಲಿ ಮನೆ ಮಾಡಿಕೊಂಡ. ವೆಲ್ವೆಟ್ ಮೇಲೆ ಅಲ್ಲಿನ ಜನರ ಚಿತ್ರಗಳನ್ನು ಬರೆದು ಹವಾಯಿಯ ಹೊನಲುಲುವಿನ ವ್ಯಾಪಾರಿ ಬಾರ್ನಿ ಡೇವಿಸ್ ಮೂಲಕ ಮಾರುತ್ತಿದ್ದ. 1953ರಲ್ಲಿ ಮೋಟಾರ್ ಸೈಕಲ್ ಅಪಘಾತದಲ್ಲಿ ತೀರಿಕೊಂಡ. ಅವನ ಚಿತ್ರದ ಕೆನ್ನೆ, ಭುಜಗಳಲ್ಲಿ ಬಣ್ಣ ತೆಳುವಾಗಿ ರೋಮದ ತುದಿಗೆ ಹತ್ತಿದೆ, ಉಳಿದದ್ದು ಬಟ್ಟೆಯ ಕತ್ತಲೆಯಲ್ಲಿ ಕರಗಿಹೋಗಿದೆ. ಇತ್ತ ಅಮೆರಿಕದಲ್ಲಿ 1930ರ ದಶಕದಲ್ಲಿ ಹಾಲಿವುಡ್ಡಿನ ಡಾನ್ ದ ಬೀಚ್‌ಕೋಂಬರ್, ಓಕ್‌ಲೆಂಡಿನ ಟ್ರೇಡರ್ ವಿಕ್ಸ್‌ನಂಥ ಬಾರುಗಳು ಬಿದಿರು, ಹುಲ್ಲು ಚಾವಣಿ, ಕೆತ್ತಿದ ಮೂರ್ತಿಗಳಿಂದ ಒಂದು ಕಲ್ಪನೆಯ ದಕ್ಷಿಣ ಸಮುದ್ರವನ್ನು ಕಟ್ಟಿದವು. ಎರಡನೆಯ ಮಹಾಯುದ್ಧ ಮುಗಿಸಿ ಪೆಸಿಫಿಕ್ಕಿನಿಂದ ಮರಳಿದ ಸೈನಿಕರು ಆ ನೆನಪಿಗೆ ಗಿರಾಕಿಗಳಾದರು. 1959ರಲ್ಲಿ ಹವಾಯಿ ಅಮೆರಿಕದ ರಾಜ್ಯವಾದ ಮೇಲೆ ಮೋಹ ಇನ್ನೂ ಏರಿತು. ವೆಲ್ವೆಟ್ ಚಿತ್ರ ಆ ಮಂದ ಬೆಳಕಿನ ಗೋಡೆಗಳ ಮೇಲೆ ಸಹಜವಾಗಿ ಕೂತಿತು.

ಇದೇ ಕಲೆಗೆ ಇನ್ನೊಂದು ದಾರಿಯೂ ಇದೆ. 1970ರ ದಶಕದಲ್ಲಿ ಮೆಕ್ಸಿಕೋದ ಗಡಿ ಊರು ಸಿಯುದಾದ್ ಹ್ವಾರೆಸ್‌ನಲ್ಲಿ ವೆಲ್ವೆಟ್ ಚಿತ್ರ ಕಾರ್ಖಾನೆಯ ಸರಕಾಯಿತು. ಒಬ್ಬ ಆಕಾಶ ಬರೆದು ಮುಂದಕ್ಕೆ ದೂಡಿದರೆ ಮತ್ತೊಬ್ಬ ಮರ ಬರೆಯುತ್ತಿದ್ದ. ಅಲ್ಲಿ ಬಣ್ಣ ಗಾಢ, ದಪ್ಪ, ಗೀಟು ನಿಚ್ಚಳ. ನಿಮ್ಮ ಮನಸ್ಸಿನಲ್ಲಿರುವ ಚಿತ್ರ ಈ ಎರಡರಲ್ಲಿ ಯಾವುದಕ್ಕೆ ಹತ್ತಿರ ಎಂದು ಮೊದಲೇ ಕೇಳಿಕೊಳ್ಳಿ. ಹೊಗೆಯಂತೆ ಮೂಡುವ ಬೆಳಕು ಬೇಕಾದವರ ಬಟ್ಟೆ ಬೇರೆ, ಬಣ್ಣ ಬೇರೆ. ಪೋಸ್ಟರಿನಂತೆ ಹೊಡೆದು ಕಾಣಬೇಕೆನ್ನುವವರದ್ದು ಬೇರೆ.

ಅಳೆಯುವ ಮಾನದಂಡಗಳು

ನಾನು ಯಾವುದನ್ನೇ ಕೊಳ್ಳುವಾಗ ಐದು ವಿಷಯ ನೋಡುತ್ತೇನೆ. ಕಪ್ಪು ಎಷ್ಟು ಆಳವಾಗಿದೆ, ಟ್ಯೂಬ್ ಲೈಟಿನ ಕೆಳಗೆ ಬೂದಿಯಾಗಿ ಕಾಣುತ್ತದೆಯೇ? ಬಣ್ಣ ಒಣಗಿದ ಮೇಲೂ ರೋಮ ರೋಮವಾಗಿಯೇ ಉಳಿಯುತ್ತದೆಯೇ? ಕೈ ತಪ್ಪಿದರೆ ತಿದ್ದಲು ಎಡೆಯಿದೆಯೇ? ನಮ್ಮ ಮಳೆಗಾಲ, ನಮ್ಮ ಧೂಳು ತಡೆದುಕೊಂಡು ಎಷ್ಟು ವರ್ಷ ಬಾಳುತ್ತದೆ? ಕೊನೆಯದು ಖರ್ಚು, ಅದರ ಜೊತೆಗೆ ಮನೆಯಲ್ಲಿ ವಾಸನೆ ಮತ್ತು ಒಣಗಲು ಬೇಕಾದ ಜಾಗ. ಐದರಲ್ಲಿ ಎರಡನೆಯದಕ್ಕೆ ನಾನು ಹೆಚ್ಚು ತೂಕ ಕೊಡುತ್ತೇನೆ. ರೋಮ ಅಂಟಿಕೊಂಡು ಚಪ್ಪಟೆಯಾದರೆ ಅದು ವೆಲ್ವೆಟ್ ಅಲ್ಲ, ದುಬಾರಿ ಬೆಲೆಯ ಕಪ್ಪು ಬಟ್ಟೆ ಅಷ್ಟೆ.

ಬಟ್ಟೆ ಮೊದಲು

ಬಣ್ಣಕ್ಕಿಂತ ಮುಂಚೆ ಬಟ್ಟೆಯನ್ನು ತೀರ್ಮಾನಿಸಿ. ಬಟ್ಟೆ ಗೊತ್ತಾದರೆ ಬಣ್ಣದ ಅರ್ಧ ಆಯ್ಕೆ ತಾನಾಗಿಯೇ ಬಗೆಹರಿಯುತ್ತದೆ.

ಹತ್ತಿಯ ವೆಲ್ವೆಟ್, ಅದರಲ್ಲೂ ಗಿಡ್ಡ ರೋಮದ ವೆಲ್ವೆಟೀನ್, ನನ್ನ ಮೊದಲ ಆಯ್ಕೆ. ಹೊಳಪಿಲ್ಲದ ಕಪ್ಪು. ಯಾವ ಕೋನದಿಂದ ನೋಡಿದರೂ ಬಾವಿಯೊಳಗೆ ಇಣುಕಿದಂತೆ. ರೋಮ ಗಿಡ್ಡ, ಒತ್ತೊತ್ತು, ನೆಟ್ಟಗೆ ನಿಂತಿರುತ್ತದೆ. ಕುಂಚದ ತುದಿ ಮುಟ್ಟಿದ ಕಡೆಯಷ್ಟೇ ಬಣ್ಣ ಹಿಡಿಯುತ್ತದೆ, ಪಕ್ಕಕ್ಕೆ ಹರಡುವುದು ಕಡಿಮೆ. ಆದರೆ ಎರಡು ತೊಡಕು. ಒಂದು, ಬೆಲೆ: ಸಾಮಾನ್ಯ ಪಾಲಿಯೆಸ್ಟರ್ ವೆಲ್ವೆಟ್ಟಿನ ಎರಡು ಮೂರು ಪಟ್ಟು ಆಗುವುದುಂಟು, ಎಲ್ಲ ಅಂಗಡಿಯಲ್ಲಿ ಸಿಗುವುದೂ ಇಲ್ಲ. ಇನ್ನೊಂದು, ತೇವ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಆಷಾಢ ಶ್ರಾವಣದ ಹೊತ್ತಿಗೆ ಹತ್ತಿ ಬಟ್ಟೆಗೆ ಬೂಷ್ಟು ಬರುವುದು ಎಲ್ಲರಿಗೂ ಗೊತ್ತು. ಕಪ್ಪು ವೆಲ್ವೆಟ್ ಮೇಲೆ ಬೂಷ್ಟು ಬಂದರೆ ಬೂದಿ ಉದುರಿಸಿದಂತೆ ಎದ್ದು ಕಾಣುತ್ತದೆ, ಒರೆಸಲು ಹೋದರೆ ಬಣ್ಣವೂ ಎದ್ದು ಬರುತ್ತದೆ. ಬಿಸಿಲಿಗೆ ಹತ್ತಿಯ ಕಪ್ಪು ಕ್ರಮೇಣ ಕಂದಾಗುವುದೂ ನಿಜ.

ಪಾಲಿಯೆಸ್ಟರ್ ವೆಲ್ವೆಟ್ ಎಲ್ಲೆಡೆ ಸಿಗುತ್ತದೆ. ಚಿಕ್ಕಪೇಟೆಯ ಅಂಗಡಿಗಳಲ್ಲಿ ಪರದೆಗೆ, ಸೋಫಾಕ್ಕೆ, ರವಿಕೆಗೆ ಎಂದು ಕೊಡುವುದು ಬಹುಪಾಲು ಇದನ್ನೇ. ಅಗ್ಗ, ಗಟ್ಟಿ, ಬೂಷ್ಟಿಗೆ ಸುಲಭವಾಗಿ ಬಗ್ಗುವುದಿಲ್ಲ, ಮಡಿಸಿದರೂ ಗುರುತು ಬೇಗ ಹೋಗುತ್ತದೆ. ಕೊರತೆ ಏನೆಂದರೆ ಎಳೆಗೆ ಮಿನುಗು ಇದೆ. ನೇರ ಬೆಳಕು ಬಿದ್ದರೆ ಕಪ್ಪು ಬೆಳ್ಳಿಗೆ ತಿರುಗುತ್ತದೆ. ಎಳೆ ನೀರನ್ನು ಹೀರುವುದಿಲ್ಲವಾದ್ದರಿಂದ ತೆಳು ಮಾಡಿದ ಬಣ್ಣ ಕೆಸುವಿನೆಲೆಯ ಮೇಲಿನ ಹನಿಯಂತೆ ಮೇಲೆಯೇ ಕೂರುತ್ತದೆ. ಆಮೇಲೆ ರೋಮದ ಬುಡಕ್ಕೆ ಜಾರಿ ಅಲ್ಲಿ ಅಂಟಾಗುತ್ತದೆ. ಗಟ್ಟಿ ಬಣ್ಣವನ್ನು ಒಣ ಕುಂಚದಲ್ಲಿ ತುದಿಗೆ ಸವರುವುದನ್ನು ರೂಢಿ ಮಾಡಿಕೊಂಡರೆ ಇದರಲ್ಲೂ ಚೆಂದದ ಕೆಲಸ ಆಗುತ್ತದೆ. ಕಲಿಯುವ ಹಂತದಲ್ಲಿ ಇದೇ ಸಾಕು. ಇಸ್ತ್ರಿಪೆಟ್ಟಿಗೆ ಮಾತ್ರ ಹತ್ತಿರ ತರಬೇಡಿ, ಎಳೆ ಕರಗುತ್ತದೆ.

ರೇಯಾನ್ ಅಥವಾ ವಿಸ್ಕೋಸ್ ವೆಲ್ವೆಟ್ ಕೈಗೆ ರೇಷ್ಮೆಯಂತೆ ತಾಗುತ್ತದೆ. ನೋಡಿದ ಕೂಡಲೇ ಮನಸ್ಸು ಅಲ್ಲಿಗೇ ಹೋಗುತ್ತದೆ, ನನಗೂ ಹೋಗಿತ್ತು. ಆದರೆ ರೇಯಾನ್ ಒದ್ದೆಯಾದರೆ ಬಲ ಕಳೆದುಕೊಳ್ಳುತ್ತದೆ. ಒಂದು ಹನಿ ನೀರು ಬಿದ್ದ ಕಡೆ ರೋಮ ಮಲಗಿ ಕಲೆ ನಿಲ್ಲುತ್ತದೆ. ನೀರಿನಲ್ಲಿ ಕಲಸುವ ಅಕ್ರಿಲಿಕ್, ಫ್ಯಾಬ್ರಿಕ್ ಕಲರ್ ಇದಕ್ಕೆ ಬೇಡವೇ ಬೇಡ. ಆಯಿಲ್ ಬಣ್ಣದಲ್ಲಿ ಪಳಗಿದ ಕೈಗೆ ಮಾತ್ರ ಇದು ಸರಿ. ಶುದ್ಧ ರೇಷ್ಮೆಯ ವೆಲ್ವೆಟ್ ವಿಷಯ ಬಿಡಿ, ಅಷ್ಟು ಹಣ ಹಾಕಿ ಬಣ್ಣ ಹಚ್ಚುವ ಅಗತ್ಯ ಯಾರಿಗೂ ಇಲ್ಲ. ಹಿಗ್ಗುವ ವೆಲ್ವೆಟ್ಟನ್ನೂ, ಸುಕ್ಕು ಸುಕ್ಕಾಗಿ ಹೊಳೆಯುವ ಕ್ರಷ್ಡ್ ವೆಲ್ವೆಟ್ಟನ್ನೂ ಅಂಗಡಿಯವರು ಎಷ್ಟೇ ಹೊಗಳಿದರೂ ಚಿತ್ರಕ್ಕೆ ತರಬೇಡಿ. ಒಂದು ಚೌಕಟ್ಟಿನ ಮೇಲೆ ಜೋತುಬೀಳುತ್ತದೆ, ಇನ್ನೊಂದರ ಹೊಳಪು ನಿಮ್ಮ ಚಿತ್ರದೊಡನೆ ಜಗಳಕ್ಕೆ ನಿಲ್ಲುತ್ತದೆ.

ಹತ್ತಿಯೋ ಪಾಲಿಯೆಸ್ಟರೋ ಎಂದು ಅನುಮಾನ ಬಂದರೆ ಅಂಚಿನಿಂದ ಎರಡು ಎಳೆ ಕಿತ್ತು ಅಂಗಡಿಯಿಂದ ಹೊರಗೆ ಬಂದು ಬೆಂಕಿಕಡ್ಡಿ ತಾಗಿಸಿ. ಹತ್ತಿ ಕಾಗದ ಸುಟ್ಟ ವಾಸನೆ ಕೊಟ್ಟು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಸಣ್ಣ ಗಟ್ಟಿ ಮಣಿಯಾಗುತ್ತದೆ. ಹಾಗೆಯೇ ಒದ್ದೆ ಬಿಳಿ ಕರವಸ್ತ್ರದಿಂದ ಮೂಲೆಯೊಂದನ್ನು ಉಜ್ಜಿ ನೋಡಿ. ಕರವಸ್ತ್ರ ಕಪ್ಪಾದರೆ ಆ ಥಾನು ಬೇಡ, ನಿಮ್ಮ ಬಿಳಿ ಚಂದ್ರ ನಾಳೆ ಬೂದಿಯಾಗುತ್ತಾನೆ.

ರೋಮಕ್ಕೆ ಮಲಗುವ ದಿಕ್ಕೊಂದಿದೆ. ಅಂಗೈ ಆಡಿಸಿ ನೋಡಿ, ಒಂದು ಕಡೆ ನುಣುಪು, ಎದುರು ದಿಕ್ಕಿಗೆ ತಡೆ. ನುಣುಪು ಕೆಳಗಿನಿಂದ ಮೇಲಕ್ಕೆ ಇರುವಂತೆ ಚೌಕಟ್ಟಿಗೆ ಬಿಗಿದರೆ ನೋಡುವವನ ಕಣ್ಣು ರೋಮದ ಒಳಕ್ಕೆ ಇಳಿಯುತ್ತದೆ, ಕಪ್ಪು ಹೆಚ್ಚು ಆಳವಾಗಿ ಕಾಣುತ್ತದೆ. ಆದರೆ ಬಾಯಿ ಮೇಲಕ್ಕೆ ತೆರೆದ ರೋಮದಲ್ಲಿ ಧೂಳೂ ಸುಲಭವಾಗಿ ಕೂರುತ್ತದೆ. ರಸ್ತೆ ಬದಿಯ ಮನೆಯಾದರೆ, ಗಾಜು ಹಾಕುವ ಯೋಚನೆಯೂ ಇಲ್ಲದಿದ್ದರೆ, ಉಲ್ಟಾ ಬಿಗಿಯಿರಿ. ಕಪ್ಪಿನಲ್ಲಿ ತುಸು ನಷ್ಟ, ಶುಚಿಯಲ್ಲಿ ಲಾಭ.

ಕಪ್ಪೇ ಆಗಬೇಕೆ? ಕಡು ನೀಲಿ, ಬಾಟಲ್ ಹಸಿರು ವೆಲ್ವೆಟ್ ಮೇಲೂ ಬರೆಯಬಹುದು. ಕಡಲೊಳಗಿನ ದೃಶ್ಯಕ್ಕೆ ಕಡು ನೀಲಿ ಸೊಗಸು. ಪಂಜು, ಬೆಂಕಿ, ಸೂರ್ಯಾಸ್ತಕ್ಕೆ ಕಪ್ಪಿಗೆ ಸಾಟಿಯಿಲ್ಲ. ಮರೂನ್ ನಾನು ಎರಡು ಬಾರಿ ಪ್ರಯತ್ನಿಸಿದೆ. ಹಸಿರೆಲೆ ಅದರ ಮೇಲೆ ಕೊಳಕಾಗಿ ಕಾಣುತ್ತದೆ, ತೆಂಗಿನ ದೃಶ್ಯಕ್ಕೆ ಅದನ್ನು ಹೇಳಲಾರೆ.

ಈಗ ಬಣ್ಣ

ಆಯಿಲ್ ಬಣ್ಣಕ್ಕೆ ಇರುವ ಗುಣ ಬೇರೆ ಯಾವುದಕ್ಕೂ ಇಲ್ಲ: ಅದು ನಿಧಾನ. ಮೊದಲ ದಿನ ಸವರಿದ ಬೆಳಕನ್ನು ಸಂಜೆ ಬೆರಳಿನಿಂದ ತೀಡಿ ಕತ್ತಲೆಗೆ ಕರಗಿಸಬಹುದು. ಭುಜದ ದುಂಡು, ಮೋಡದ ಅಂಚು, ನೀರಿನ ಮೇಲಿನ ಚಂದ್ರನ ದಾರಿ ಇವೆಲ್ಲ ಹೀಗೆ ತೀಡಿದಾಗಲೇ ಹುಟ್ಟುವುದು. ತೆಳುವಾಗಿ ಹಚ್ಚಿದರೆ ಒಣಗಿದ ಮೇಲೂ ರೋಮ ಬಿಡಿ ಬಿಡಿಯಾಗಿಯೇ ಉಳಿಯುತ್ತದೆ. ಆದರೆ ಎಣ್ಣೆ ಬಟ್ಟೆಗೆ ಶತ್ರು ಎಂಬುದನ್ನು ಮುಚ್ಚಿಡಲಾರೆ. ಕ್ಯಾನ್ವಾಸಿಗೆ ಪ್ರೈಮರ್ ಬಳಿದು ಬಟ್ಟೆಯನ್ನು ಕಾಪಾಡುತ್ತೇವೆ. ವೆಲ್ವೆಟ್ಟಿಗೆ ಪ್ರೈಮರ್ ಬಳಿದರೆ ವೆಲ್ವೆಟ್ಟೇ ಉಳಿಯುವುದಿಲ್ಲ. ಅಗಸೆ ಎಣ್ಣೆ ನೇರ ನೂಲಿಗೆ ಸೋಕುತ್ತದೆ, ದಶಕಗಳಲ್ಲಿ ಹತ್ತಿಯ ನೂಲು ಪೆಡಸಾಗುತ್ತದೆ. ಜೊತೆಗೆ ಟರ್ಪೆಂಟೈನ್ ಹೆಚ್ಚು ಬೆರೆಸಿದರೆ ಬಣ್ಣದ ಸುತ್ತ ಎಣ್ಣೆಯ ಉಂಗುರ ಮೂಡುತ್ತದೆ. ಇದಕ್ಕೊಂದು ಉಪಾಯವಿದೆ. ಟ್ಯೂಬಿನ ಬಣ್ಣವನ್ನು ಹಿಂದಿನ ರಾತ್ರಿ ಒಂದು ತುಂಡು ರಟ್ಟಿನ ಮೇಲೆ ಹಿಂಡಿಡಿ. ಬೆಳಗ್ಗೆ ನೋಡಿದರೆ ಹೆಚ್ಚಿನ ಎಣ್ಣೆಯನ್ನು ರಟ್ಟು ಕುಡಿದು ಕಂದು ವರ್ತುಲವಾಗಿರುತ್ತದೆ, ಬಣ್ಣ ಬೆಣ್ಣೆಯ ಹದಕ್ಕೆ ಬಂದಿರುತ್ತದೆ. ಅದನ್ನೇ ಏನೂ ಬೆರೆಸದೆ ಬಳಸಿ. ಒಂದೊಂದು ಪದರ ಒಣಗಲು ಬೇಸಿಗೆಯಲ್ಲಿ ಮೂರು ನಾಲ್ಕು ದಿನ, ಮಳೆಗಾಲದಲ್ಲಿ ವಾರವೂ ದಾಟಬಹುದು. ಒಂದೇ ಕೋಣೆಯ ಮನೆ, ಚಿಕ್ಕ ಮಕ್ಕಳು, ಆಸ್ತಮಾ ಇರುವವರು ಇದ್ದರೆ ಟರ್ಪೆಂಟೈನ್ ವಾಸನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಅಕ್ರಿಲಿಕ್ ಇದಕ್ಕೆ ಪೂರ್ತಿ ಎದುರು. ಹತ್ತು ಹದಿನೈದು ನಿಮಿಷದಲ್ಲಿ ಒಣಗುತ್ತದೆ, ವಾಸನೆ ಇಲ್ಲವೆನ್ನುವಷ್ಟು ಕಡಿಮೆ, ಬಟ್ಟೆಯನ್ನು ಎಣ್ಣೆಯಂತೆ ತಿನ್ನುವುದಿಲ್ಲ, ಹಳದಿಯಾಗುವುದಿಲ್ಲ. ಹೊಡೆದು ಕಾಣುವ ಸೂರ್ಯಾಸ್ತಕ್ಕೆ, ಟಿಕಿ ಮುಖವಾಡದ ಕಡಿದಾದ ಗೀಟುಗಳಿಗೆ ಒಳ್ಳೆಯದು. ತೊಂದರೆ ಅಂಟಿನದ್ದು. ಅಕ್ರಿಲಿಕ್ ಎಂದರೆ ಒಂದು ರೀತಿಯ ಪ್ಲಾಸ್ಟಿಕ್, ಒಣಗಿದಾಗ ರೋಮಗಳನ್ನು ಒಂದಕ್ಕೊಂದು ಹಿಡಿದು ಕೂರಿಸುತ್ತದೆ. ನನ್ನ ಮೊದಲ ದೊಡ್ಡ ಚಿತ್ರದಲ್ಲಿ ಚಂದ್ರನನ್ನು ಬಿಳಿ ಅಕ್ರಿಲಿಕ್ಕಿನಲ್ಲಿ ಮೂರು ದಪ್ಪ ಪದರ ಹಚ್ಚಿದ್ದೆ. ಮರುದಿನ ಬೆಳಗ್ಗೆ ಮುಟ್ಟಿ ನೋಡಿದರೆ ಆ ವೃತ್ತ ಹಪ್ಪಳದಂತೆ ಸೆಟೆದು ನಿಂತಿತ್ತು. ಸುತ್ತಲಿನ ಕಪ್ಪು ಉಸಿರಾಡುತ್ತಿತ್ತು, ಚಂದ್ರ ಮಾತ್ರ ತಗಡಿನ ಬಿಲ್ಲೆ. ಹಿಂದಿನಿಂದ ಆವಿ ಹಿಡಿದೆ, ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ಕೆರೆದೆ, ಏನೂ ಆಗಲಿಲ್ಲ. ಮೂರು ವಾರದ ಕೆಲಸ ಹೋಯಿತು ಎಂದು ತುಂಬಾ ನೊಂದುಕೊಂಡೆ. ಅಕ್ರಿಲಿಕ್ ಬಳಸುವುದಾದರೆ ಬಟ್ಟೆಯ ಮೇಲೆ ಅದನ್ನು ಮೆದುವಾಗಿಸುವ ಫ್ಯಾಬ್ರಿಕ್ ಮೀಡಿಯಂ ಎಂಬ ದ್ರವ ಬೆರೆಸಿ. ಕುಂಚವನ್ನು ಹಳೆಯ ಬಟ್ಟೆಗೆ ಒರೆಸಿ ಬಹುತೇಕ ಒಣಗಿಸಿಕೊಂಡು ತುದಿಗಷ್ಟೇ ತಾಗಿಸಿ. ಪ್ರತಿ ಪದರ ಒಣಗುವ ಮೊದಲೇ ಇನ್ನೊಂದು ಒಣ, ಬಿರುಸು ಕುಂಚದಿಂದ ಆ ಜಾಗವನ್ನು ಕುಟ್ಟಿ ರೋಮ ಬಿಡಿಸಿ. ಬೇಸಿಗೆಯಲ್ಲಿ ಈ ಕೆಲಸಕ್ಕೆ ಸಿಗುವ ಸಮಯ ತೀರಾ ಕಡಿಮೆ, ಅಂಗೈಯಗಲ ಜಾಗವನ್ನಷ್ಟೇ ಒಮ್ಮೆಗೆ ತೆಗೆದುಕೊಳ್ಳಿ.

ಫ್ಯಾಬ್ರಿಕ್ ಕಲರ್, ಫೆವಿಕ್ರಿಲ್, ಕ್ಯಾಮೆಲ್‌ನಂಥವು, ಸಣ್ಣ ಬಾಟಲಿಗಳಲ್ಲಿ ಸ್ಟೇಷನರಿ ಅಂಗಡಿಯಲ್ಲೂ ಸಿಗುತ್ತವೆ. ಮೂಲತಃ ಇವೂ ಅಕ್ರಿಲಿಕ್ ಬಳಗದವೇ, ಆದರೆ ಬಟ್ಟೆಗೆಂದು ಮೆದುವಾಗಿ ಮಾಡಿದವು. ಒಣಗಿದ ಮೇಲೆ ಹಪ್ಪಳವಾಗುವ ಕಾಟ ಕಡಿಮೆ. ಕಪ್ಪಿನ ಮೇಲೆ ಇವಕ್ಕೆ ತಡೆಯುವ ಶಕ್ತಿ ಸಾಲದು, ಹಳದಿ ಹಚ್ಚಿದರೆ ಹಸಿರು ಮಿಶ್ರಿತ ಕಂದು ಕಾಣುತ್ತದೆ. ಆದ್ದರಿಂದ ಬೆಳಕು ಬರುವ ಜಾಗಕ್ಕೆ ಮೊದಲು ತೆಳುವಾಗಿ ಬಿಳಿ, ಒಣಗಿದ ಮೇಲೆ ಬಣ್ಣ. ಬಾಟಲಿಯ ಮೇಲೆ ಹಿಂದಿನಿಂದ ಇಸ್ತ್ರಿ ಮಾಡಿ ಎಂದು ಬರೆದಿರುತ್ತದೆ. ಅದು ಒಗೆಯುವ ಬಟ್ಟೆಗೆ ಬೇಕಾದ ಮಾತು. ಗೋಡೆಗೆ ತೂಗುವ ಚಿತ್ರವನ್ನು ಯಾರೂ ಒಗೆಯುವುದಿಲ್ಲ, ಇಸ್ತ್ರಿ ಮಾಡಿದರೆ ರೋಮ ಸಾಯುತ್ತದೆ, ಬಿಟ್ಟುಬಿಡಿ.

ನಮ್ಮ ಕಡೆಯ ಎಷ್ಟೋ ಮನೆಗಳ ಗೋಡೆಯ ಮೇಲೆ ಕಪ್ಪು ವೆಲ್ವೆಟ್ಟಿನ ನವಿಲೋ ರಾಧಾಕೃಷ್ಣರೋ ಇನ್ನೂ ಇದ್ದಾರೆ. ಅಮ್ಮಂದಿರು, ಚಿಕ್ಕಮ್ಮಂದಿರು ರಜೆಯಲ್ಲಿ ಕಲಿತು ಮಾಡಿದ ನಿಬ್ ಪೇಂಟಿಂಗ್ ಅದು. ದಪ್ಪ ಬಣ್ಣವನ್ನು ನಿಬ್ಬಿನಲ್ಲಿ ತೆಗೆದು ಎಳೆ ಎಳೆಯಾಗಿ ಕೂರಿಸುವ ವಿಧಾನ. ಟಿಕಿ ದೃಶ್ಯಕ್ಕೂ ಅದನ್ನು ತರಬಹುದೇ ಎಂದು ಕೇಳುವವರಿದ್ದಾರೆ. ಹುಲ್ಲು ಚಾವಣಿ, ಹಕ್ಕಿಯ ಗರಿ, ಬುಟ್ಟಿಯ ಹೆಣಿಗೆ ಇಂಥ ಕಡೆ ಖಂಡಿತ ತನ್ನಿ, ಸೊಗಸಾಗಿ ಕೂರುತ್ತದೆ. ಮುಖ, ಮೋಡ, ನೀರಿಗೆ ಬೇಡ. ನಿಬ್ಬಿನ ದಿಬ್ಬಗಳು ಮಂದ ಬೆಳಕನ್ನು ಮುರಿದುಹಾಕುತ್ತವೆ.

ಡ್ರೈ ಪೇಸ್ಟಲ್ ರೋಮಕ್ಕೆ ಚೆನ್ನಾಗಿಯೇ ಹಿಡಿಯುತ್ತದೆ, ಆದರೆ ಗಾಜಿಲ್ಲದೆ ಉಳಿಯದು. ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಏರ್‌ಬ್ರಷ್ ರೋಮವನ್ನು ಮುಟ್ಟುವುದೇ ಇಲ್ಲ, ಮೋಡಕ್ಕೆ ಅದಕ್ಕಿಂತ ಸುಲಭದ್ದಿಲ್ಲ. ಕಂಪ್ರೆಸರಿಗೆ ಹಣ ಹಾಕಿ ಆಗಲೇ ಬೇರೆ ಕೆಲಸಕ್ಕೆ ಇಟ್ಟುಕೊಂಡಿರುವವರು ಮಾತ್ರ ಯೋಚಿಸಿ. ಫ್ಲೋರೊಸೆಂಟ್ ಬಣ್ಣ ನೇರಳಾತೀತ ದೀಪದ ಕೆಳಗೆ ಉರಿಯುತ್ತದೆ, ಆದರೆ ಹಗಲು ಬೆಳಕಿಗೆ ಬಲು ಬೇಗ ಸಪ್ಪೆಯಾಗುತ್ತದೆ.

ದೃಶ್ಯವನ್ನೂ ಆರಿಸಬೇಕು

ಬಟ್ಟೆ, ಬಣ್ಣ ಎರಡೂ ಸರಿಯಿದ್ದು ಚಿತ್ರ ಸೋಲುವುದನ್ನು ನೋಡಿದ್ದೇನೆ. ಕಾರಣ ದೃಶ್ಯ. ನಡುಹಗಲಿನ ಬಿಳಿ ಮರಳ ತೀರ, ತಿಳಿ ನೀಲಿ ಆಕಾಶ ಬರೆದರೆ ಮುಕ್ಕಾಲು ಬಟ್ಟೆಯನ್ನು ಮುಚ್ಚಬೇಕಾಗುತ್ತದೆ. ಆಗ ವೆಲ್ವೆಟ್ ಏಕೆ ಬೇಕಿತ್ತು? ನನ್ನ ಅಂದಾಜಿಗೆ ಅರ್ಧಕ್ಕಿಂತ ಹೆಚ್ಚು ಬಟ್ಟೆ ಬಣ್ಣ ಕಾಣದೆ ಉಳಿಯುವ ದೃಶ್ಯವೇ ಸರಿಯಾದ ದೃಶ್ಯ.

ಬೆಳದಿಂಗಳ ತೆಂಗು ಮೊದಲ ಚಿತ್ರಕ್ಕೆ ಹೇಳಿ ಮಾಡಿಸಿದ್ದು, ನಮ್ಮ ಕೈಗೆ ಪರಿಚಯವಿರುವ ಮರವೂ ಹೌದು. ತೋಟದಲ್ಲಿ ಹುಣ್ಣಿಮೆಯ ರಾತ್ರಿ ಒಮ್ಮೆ ತಲೆಯೆತ್ತಿ ನೋಡಿ. ಗರಿ ಪೂರ್ತಿ ಕಾಣುವುದಿಲ್ಲ. ನಡುದಿಂಡಿನ ಮೇಲಂಚು ಒಂದು ಬೆಳ್ಳಿಗೆರೆ, ಅದರಿಂದ ಇಳಿಬಿದ್ದ ಎಲೆಗಳಲ್ಲಿ ಚಂದ್ರನ ಕಡೆ ತಿರುಗಿದವು ಮಾತ್ರ ಮಿನುಗುತ್ತವೆ, ಉಳಿದವು ಇವೆಯೆಂದು ಮನಸ್ಸು ತುಂಬಿಕೊಳ್ಳುತ್ತದೆ. ಅದನ್ನೇ ಬರೆಯಿರಿ. ತಿಳಿ ನೀಲಿ ಬೆರೆಸಿದ ಬಿಳಿಯನ್ನು ಚಪ್ಪಟೆ ಕುಂಚದ ಅಂಚಿಗೆ ತೆಗೆದುಕೊಂಡು ನಡುದಿಂಡನ್ನು ಒಂದೇ ಬಾಗಿನಲ್ಲಿ ಎಳೆಯಿರಿ. ಎಲೆಗೊಂದು ಎಳೆತ, ಬುಡದಲ್ಲಿ ಒತ್ತಿ ತುದಿಯಲ್ಲಿ ಎತ್ತಿ. ಹತ್ತು ಎಲೆ ಬರೆದರೆ ಐದನ್ನು ಬಿಡಿ. ಎರಡನೆಯ ಪದರದಲ್ಲಿ ನಾಲ್ಕೈದು ಎಲೆಯ ತುದಿಗೆ ಮಾತ್ರ ಶುದ್ಧ ಬಿಳಿ ಮುಟ್ಟಿಸಿದರೆ ಗಾಳಿ ಬೀಸಿದಂತಾಗುತ್ತದೆ. ಕಾಂಡಕ್ಕೆ ಒಂದು ಬದಿಯ ಉಂಗುರ ಗುರುತುಗಳಷ್ಟೇ ಸಾಕು.

ಸೂರ್ಯಾಸ್ತ ಬರೆಯಲು ಸುಲಭ, ಆದರೆ ಕಪ್ಪು ಉಳಿಯುವುದು ಕಡಿಮೆ. ಆಕಾಶವನ್ನು ಅಡ್ಡ ಪಟ್ಟಿಗಳಾಗಿ ಬಿಟ್ಟು ಬಿಟ್ಟು ಬರೆದರೆ ಸರಿಹೋಗುತ್ತದೆ. ಪಂಜಿನ ಬೆಳಕಿನ ಮುಖ ಎಲ್ಲಕ್ಕಿಂತ ಕಷ್ಟ, ಎಲ್ಲಕ್ಕಿಂತ ಸುಂದರ. ಯುದ್ಧಕಾಲದಲ್ಲಿ ಅಮೆರಿಕದ ಮರೀನ್ ಪಡೆಯ ಯೋಧನಾಗಿ ಸಮೋವಾದಲ್ಲಿದ್ದ ರಾಲ್ಫ್ ಬರ್ಕ್ ಟೈರಿ ಎಂಬ ಚಿತ್ರಕಾರ ಆಮೇಲೆ ವೆಲ್ವೆಟ್ ಮೇಲೆ ಬರೆದ ಮುಖಗಳನ್ನು ನೋಡಿದರೆ ಎಷ್ಟು ಕಡಿಮೆ ಬಣ್ಣದಲ್ಲಿ ಎಷ್ಟು ಹೇಳಬಹುದು ಎಂಬುದು ತಿಳಿಯುತ್ತದೆ.

ಟಿಕಿ ಮೂರ್ತಿಯ ಬಗ್ಗೆ ಒಂದು ಮಾತು ಹೇಳದಿರಲಾರೆ. ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೊರಿಗಳ ಪುರಾಣದಲ್ಲಿ ಟಿಕಿ ಮೊದಲ ಮನುಷ್ಯ. ಮಾರ್ಕೇಸಸ್ ದ್ವೀಪಗಳಲ್ಲಿ ಕಲ್ಲು, ಮರಗಳಲ್ಲಿ ಕೆತ್ತಿದ ಪೂರ್ವಜರ ರೂಪ. ಹವಾಯಿಯಲ್ಲಿ ಅದನ್ನೇ ಕಿಇ ಎನ್ನುತ್ತಾರೆ. ಅಮೆರಿಕದ ಬಾರುಗಳು ಇವನ್ನೆಲ್ಲ ಕಲಸಿ ಅಲಂಕಾರದ ಸಾಮಾನು ಮಾಡಿದವು, ಆ ದ್ವೀಪಗಳ ಜನರಲ್ಲಿ ಹಲವರು ಇದರಿಂದ ನೊಂದು ಮಾತಾಡಿದ್ದಾರೆ. ನಮ್ಮ ತುಳುನಾಡಿನ ಭೂತದ ಮೊಗವನ್ನು ಎಲ್ಲೋ ದೂರದ ದೇಶದ ಬಾರಿನಲ್ಲಿ ಗ್ಲಾಸಿನ ಆಕಾರಕ್ಕೆ ಇಳಿಸಿದರೆ ನಮಗೆ ಹೇಗಾದೀತು? ಹಾಗಾಗಿ ನಾನು ಒಂದು ನಿಯಮ ಇಟ್ಟುಕೊಂಡಿದ್ದೇನೆ. ಗುಡಿಯ ಮೂರ್ತಿಯನ್ನು ಹಾಗೆಯೇ ನಕಲು ಮಾಡುವುದಿಲ್ಲ. ಬೇಕಾದರೆ ನನ್ನ ಕಲ್ಪನೆಯ ಮರದ ಮುಖ, ಇಲ್ಲವಾದರೆ ಮೂರ್ತಿಯೇ ಇಲ್ಲದೆ ದೋಣಿ, ಪಂಜು, ದಾಸವಾಳ. ಹೆಣ್ಣಿನ ಚಿತ್ರ ಬರೆಯುವಾಗಲೂ ಅಷ್ಟೇ, ಅವಳಿಗೊಂದು ಕೆಲಸ, ಒಂದು ನೋಟ ಕೊಡಿ. ಲೀಟೆಗ್‌ನ ಕೌಶಲವನ್ನು ನಾನು ಮನಸಾರೆ ಮೆಚ್ಚುತ್ತೇನೆ, ಅವನು ಹೆಣ್ಣನ್ನು ನೋಡಿದ ರೀತಿಯನ್ನು ಪೂರ್ತಿ ಮೆಚ್ಚಲಾರೆ.

ದೃಶ್ಯವನ್ನು ಬಟ್ಟೆಗೆ ಇಳಿಸಲು ಪೆನ್ಸಿಲ್ ಬೇಡ, ಗೀಟು ಹೋಗುವುದಿಲ್ಲ. ಆರಿ ವರ್ಕ್ ಮಾಡುವವರು ಬಟರ್ ಪೇಪರಿನಲ್ಲಿ ಸೂಜಿಯಿಂದ ಸಾಲು ತೂತು ಹೊಡೆದು ಪುಡಿ ಸವರಿ ವಿನ್ಯಾಸ ಇಳಿಸುತ್ತಾರಲ್ಲ, ಅದೇ ದಾರಿ. ಅವರು ಸೀಮೆಎಣ್ಣೆ ಬೆರೆಸುತ್ತಾರೆ, ನೀವು ಬೆರೆಸಬೇಡಿ. ಬಳಪದ ಒಣ ಪುಡಿಯನ್ನು ಬಟ್ಟೆಯ ಉಂಡೆಯಲ್ಲಿ ತಟ್ಟಿದರೆ ಸಾಕು, ತಪ್ಪಿದರೆ ಕೊಡವಿದಾಗ ಹೋಗುತ್ತದೆ.

ನಿಮ್ಮ ಪರಿಸ್ಥಿತಿಗೆ ಯಾವುದು?

ಮೊದಲ ಸಲ, ಸಾವಿರ ರೂಪಾಯಿಯೊಳಗೆ ಮುಗಿಯಬೇಕು ಎನ್ನುವವರು ಅರ್ಧ ಮೀಟರ್ ಪಾಲಿಯೆಸ್ಟರ್ ವೆಲ್ವೆಟ್, ಫ್ಯಾಬ್ರಿಕ್ ಕಲರಿನ ಬಿಳಿ ಎರಡು ಬಾಟಲಿ, ನೀಲಿ, ಹಳದಿ, ಕೆಂಪು ಒಂದೊಂದು, ಹಂದಿಗೂದಲಿನ ಗಿಡ್ಡ ಬಿರುಸು ಕುಂಚ ಎರಡು ತೆಗೆದುಕೊಳ್ಳಿ. ಹಸಿರನ್ನು ನೀವೇ ಬೆರೆಸಿಕೊಳ್ಳಿ. ಅರ್ಧ ಮೀಟರಿನಲ್ಲಿ ಎರಡು ಸಣ್ಣ ಚಿತ್ರ ಆಗುತ್ತದೆ, ಮೊದಲನೆಯದು ಕೆಟ್ಟರೆ ಬೇಸರಿಸಬೇಡಿ.

ಕ್ಯಾನ್ವಾಸಿನಲ್ಲಿ ಆಗಲೇ ಆಯಿಲ್ ಬರೆದು ಅಭ್ಯಾಸವಿರುವವರು, ಬಯಲುಸೀಮೆಯ ಒಣ ಊರುಗಳಲ್ಲಿ ಇರುವವರು ಹತ್ತಿಯ ವೆಲ್ವೆಟ್ಟನ್ನೇ ಹುಡುಕಿ ತನ್ನಿ. ನಿಮ್ಮ ಹತ್ತಿರ ಬಣ್ಣ ಇದ್ದೇ ಇದೆ, ಉಳಿದ ಹಣವನ್ನು ಬಟ್ಟೆಗೆ ಹಾಕುವುದೇ ಜಾಣತನ. ದಾವಣಗೆರೆಯಲ್ಲೋ ಕಲಬುರಗಿಯಲ್ಲೋ ಬೇಸಿಗೆಯಲ್ಲಿ ಕೆಲಸ ಮುಗಿಸಿದರೆ ಒಣಗುವ ಚಿಂತೆಯೂ ಇರುವುದಿಲ್ಲ.

ಮಂಗಳೂರು, ಕಾರವಾರ, ತೀರ್ಥಹಳ್ಳಿಯ ಕಡೆಯವರಿಗೆ ನನ್ನ ಸಲಹೆ ಬೇರೆ. ಹತ್ತಿಯ ಆಸೆ ಬಿಟ್ಟು ಒಳ್ಳೆಯ, ಗಿಡ್ಡ ರೋಮದ, ಮಿನುಗು ಕಡಿಮೆಯಿರುವ ಪಾಲಿಯೆಸ್ಟರ್ ಆರಿಸಿ, ಅಕ್ರಿಲಿಕ್ಕನ್ನು ಒಣ ಕುಂಚದಲ್ಲಿ ಹಚ್ಚುವುದನ್ನು ಕಲಿಯಿರಿ. ಕಪ್ಪಿನಲ್ಲಿ ಒಂದು ಪಾಲು ಕಳೆದುಕೊಳ್ಳುತ್ತೀರಿ, ಐದು ಮಳೆಗಾಲ ಕಳೆದ ಮೇಲೂ ಚಿತ್ರ ಉಳಿಯುತ್ತದೆ. ವಿದೇಶದಲ್ಲಿರುವ ನಮ್ಮವರಿಗೆ ವೆಲ್ವೆಟೀನ್ ಎಂಬ ಹೆಸರಿನಲ್ಲೇ ಹತ್ತಿ ಬಟ್ಟೆ ಸುಲಭವಾಗಿ ಸಿಗುತ್ತದೆ, ಒಣ ಹವೆಯ ಮನೆಯಾದರೆ ಎರಡನೆಯ ಯೋಚನೆ ಬೇಡ.

ಮಾರಾಟಕ್ಕೆಂದು ಬರೆಯುವವರು ಬಾಳಿಕೆಯನ್ನು ಮೊದಲಿಡಬೇಕು. ಕೊಂಡವರ ಮನೆಯಲ್ಲಿ ಹತ್ತು ವರ್ಷಕ್ಕೆ ಬಟ್ಟೆ ಪೆಡಸಾಗಬಾರದು, ಬಣ್ಣ ಉದುರಬಾರದು. ಅಕ್ರಿಲಿಕ್ಕಿನ ತೆಳು ತಳ ಹಾಕಿ, ಕೊನೆಯ ಬೆಳಕಿನ ಸ್ಪರ್ಶಗಳನ್ನಷ್ಟೇ ಆಯಿಲ್ಲಿನಲ್ಲಿ ಕೊಡುವ ಬೆರಕೆ ದಾರಿ ನನಗೆ ಒಗ್ಗಿದೆ. ಆಯಿಲ್ ಮೇಲೆ ಅಕ್ರಿಲಿಕ್ ಹಚ್ಚುವ ತಪ್ಪನ್ನು ಮಾತ್ರ ಮಾಡಬೇಡಿ, ಕಚ್ಚಿಕೊಳ್ಳುವುದಿಲ್ಲ.

ಚೌಕಟ್ಟು ಹಾಕಿಸುವಾಗ ಅಂಗಡಿಯವರು ಅಭ್ಯಾಸಬಲದಿಂದ ಗಾಜನ್ನು ಬಟ್ಟೆಗೆ ಒತ್ತಿ ಕೂರಿಸುತ್ತಾರೆ. ಒತ್ತಿದ ಕಡೆಯೆಲ್ಲ ರೋಮ ಮಲಗುತ್ತದೆ, ಮಳೆಗಾಲದಲ್ಲಿ ಒಳಗೆ ತೇವ ಕಟ್ಟುತ್ತದೆ. ಗಾಜು ಬೇಕೆಂದರೆ ಸುತ್ತ ಕಾಲಿಂಚಿನ ಪಟ್ಟಿ ಕೊಟ್ಟು ನಡುವೆ ಸಂದು ಬಿಡಲು ಹೇಳಿ, ಎದುರಿಗೆ ನಿಂತು ಮಾಡಿಸಿ. ಆಯಿಲ್ ಚಿತ್ರವಾದರೆ ಆರು ತಿಂಗಳು ಗಾಜಿಲ್ಲದೆ ಒಣಗಲಿ. ಗಾಜು ಬೇಡವೆನ್ನುವವರು ತಿಂಗಳಿಗೊಮ್ಮೆ ಮಗುವಿನ ತಲೆ ಬಾಚುವಂಥ ಮೆತ್ತನೆ ಬ್ರಷ್ಷಿನಿಂದ ರೋಮದ ದಿಕ್ಕಿಗೇ ಸವರಿದರೆ ಸಾಕು. ಕಿಟಕಿಯ ಎದುರಿನ ಗೋಡೆ ಬೇಡ, ಟ್ಯೂಬ್ ಲೈಟಿನ ಕೆಳಗೂ ಬೇಡ. ಸಂಜೆ ಕೂತು ಮಾತಾಡುವ ಮೂಲೆಯಲ್ಲಿ, ಪಕ್ಕದಿಂದ ಒಂದು ಹಳದಿ ಬಲ್ಬಿನ ಬೆಳಕು ಓರೆಯಾಗಿ ಬೀಳುವಂತೆ ತೂಗುಹಾಕಿ.